ಮಾಳಮ್ಮನಿಗೆ ನಾನು ಹೇಳದ ಪಾಠ

೨೦೧೮ರಲ್ಲಿ ನಾನು ದಾಮರಗಿದ್ದ ಮಂಡಲದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರದ ಸ್ಕೂಲ್ ಅಸಿಸ್ಟೆಂಟ್ ಆಗಿದ್ದೆ. ತೆಲಂಗಾಣದಲ್ಲಿ ಪ್ರೌಢಶಾಲೆಯ ವಿಷಯ ಶಿಕ್ಷಕರನ್ನು ಹಾಗೆ ಕರೆಯುತ್ತಾರೆ. ರಾಜ್ಯ ಬೇರೆಯಾಗಿ ನಾಲ್ಕು ವರ್ಷವಾಗಿತ್ತು. ನಾರಾಯಣಪೇಟೆ ಇನ್ನೂ ಮಹಬೂಬ್‌ನಗರ ಜಿಲ್ಲೆಯಲ್ಲೇ ಇತ್ತು. ನನ್ನ ಮನೆ ಮಕ್ತಲ್‌ನಲ್ಲಿ. ದಿನವೂ ಎರಡು ಬಸ್ಸು ಬದಲಿಸಿ ಶಾಲೆ ಮುಟ್ಟುತ್ತಿದ್ದೆ. ಪಾಠ ಕನ್ನಡದಲ್ಲಿ, ಮೇಲಧಿಕಾರಿಗಳ ಕಾಗದಗಳು ತೆಲುಗಿನಲ್ಲಿ. ಎರಡರ ನಡುವೆ ಇಪ್ಪತ್ತೊಂದು ವರ್ಷ ಕೆಲಸ ಮಾಡಿದ್ದೆ. ಮಕ್ಕಳು ನನ್ನನ್ನು ಒಳ್ಳೆಯ ಟೀಚರ್ ಎನ್ನುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಆ ವರ್ಷದ ಹತ್ತನೆಯ ತರಗತಿಯಲ್ಲಿ ಮಾಳಮ್ಮ ಎಂಬ ಹುಡುಗಿ ಇದ್ದಳು. ಹೆಸರು ಬದಲಿಸಿದ್ದೇನೆ. ವಯಸ್ಸು ಹದಿನೈದು. ಕುರಿ ಸಾಕುವ ಮನೆತನದವಳು. ಮಾತು ಕಡಿಮೆ, ಬರವಣಿಗೆ ಅಚ್ಚುಕಟ್ಟು. ಅವಳ ತಂದೆ ತಾಯಿ ವರ್ಷದಲ್ಲಿ ಎಂಟು ತಿಂಗಳು ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಇರುತ್ತಿದ್ದರು. ಮಾಳಮ್ಮ ಮತ್ತು ಎಂಟನೆಯ ತರಗತಿಯಲ್ಲಿದ್ದ ಅವಳ ತಂಗಿ, ತಾಯಿಯ ತಾಯಿಯಾದ ನಿಂಗಮ್ಮಜ್ಜಿಯ ಜೊತೆ ಊರಲ್ಲಿ ಉಳಿಯುತ್ತಿದ್ದರು. ಅಜ್ಜಿಗೆ ಎಪ್ಪತ್ತರ ಹತ್ತಿರ ವಯಸ್ಸು. ಬೆಳಗಾದರೆ ಮೂವತ್ತು ಕುರಿಗಳ ಹಿಂದೆ ಹೊರಟುಬಿಡುವವಳು.

ನವೆಂಬರ್‌ನಲ್ಲಿ ಶಾಲೆಯಲ್ಲಿ ರಕ್ತ ಪರೀಕ್ಷೆಯ ಶಿಬಿರ ನಡೆಯಿತು. ಆರೋಗ್ಯ ಉಪಕೇಂದ್ರದ ಸುವರ್ಣಾ ಸಿಸ್ಟರ್ ಹುಡುಗಿಯರ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತಿದ್ದರು. ರಕ್ತದಲ್ಲಿ ಕಬ್ಬಿಣದ ಬಲ ಎಷ್ಟಿದೆ ಎಂದು ತಿಳಿಸುವ ಲೆಕ್ಕ ಅದು; ಹನ್ನೆರಡು ಇದ್ದರೆ ಸರಿ. ಮಾಳಮ್ಮನದು ಏಳು ಪಾಯಿಂಟ್ ಎರಡು ಬಂತು. ಸಿಸ್ಟರ್ ಇನ್ನೊಮ್ಮೆ ನೋಡಿದರು, ಅಷ್ಟೇ ಬಂತು. ಆಮೇಲೆ ಅವಳ ಕಾಲಿನ ಮೇಲೆ ಬೆರಳೊತ್ತಿದರು. ಒತ್ತಿದ ಕಡೆ ಕುಳಿ ಬಿದ್ದು ಹಾಗೆಯೇ ನಿಂತಿತು. ಅವಳನ್ನು ಲ್ಯಾಬ್ ಕೋಣೆಗೆ ಕರೆದೊಯ್ದು ಹತ್ತು ನಿಮಿಷದ ನಂತರ ಹೊರಬಂದು ನನಗೆ ಮಾತ್ರ ಕೇಳುವಂತೆ ಹೇಳಿದರು:

“ಟೀಚರ್, ಆರು ತಿಂಗಳು. ಹುಡುಗಿಗೆ ಗೊತ್ತೇ ಇಲ್ಲ.”

ನಾನು ನಂಬಲಿಲ್ಲ. ಆರು ತಿಂಗಳ ಬಸುರಿಗೆ ತಾನು ಬಸುರಿ ಎಂದು ತಿಳಿಯದೆ ಇರುತ್ತದೆಯೇ? ಹೊಟ್ಟೆಯಲ್ಲಿ ಏನೋ ಹೊರಳುತ್ತದೆ ಎಂದು ಅವಳು ಅಜ್ಜಿಗೆ ಹೇಳಿದ್ದಳಂತೆ. ಅಜ್ಜಿ ಜಂತುಹುಳ ಎಂದು ಬೇವಿನ ಚಿಗುರು ಅರೆದು ಕುಡಿಸಿದ್ದಳು. ಮುಟ್ಟು ನಿಂತದ್ದನ್ನು ಯಾರಿಗೂ ಹೇಳಿರಲಿಲ್ಲ. ಮೊದಲಿನಿಂದಲೂ ಅದು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಬಾರದೆ ಇದ್ದರೆ ಶಾಲೆ ತಪ್ಪುವುದಿಲ್ಲವೆಂದು ಸಮಾಧಾನವೇ ಆಗಿತ್ತು.

ಮರುದಿನ ನಾನು, ಸಿಸ್ಟರ್ ಮತ್ತು ನಿಂಗಮ್ಮಜ್ಜಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಲೇಡಿ ಡಾಕ್ಟರು ಸ್ಕ್ಯಾನ್ ಮಾಡಿಸಿ ಎರಡು ಮಾತು ಹೇಳಿದರು. ಒಂದು, ಗರ್ಭ ತೆಗೆಯಲು ಕಾನೂನು ಕೊಡುವ ಅವಧಿ ಮುಗಿದಿದೆ. ಇನ್ನೊಂದು, ಹದಿನೆಂಟು ತುಂಬದ ಹುಡುಗಿ ಗರ್ಭಿಣಿಯಾಗಿ ಬಂದರೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯಲು ಪೋಕ್ಸೋ ಎಂಬ ಕಾನೂನಿದೆ. ಅದರಲ್ಲಿ ಹುಡುಗಿಯ ಒಪ್ಪಿಗೆ ಇತ್ತೇ ಎಂಬ ಪ್ರಶ್ನೆಯೇ ಬರುವುದಿಲ್ಲ.

“ಯಾರು ಅಂತ ಹೇಳ್ತೀಯೇನಮ್ಮ?” ಎಂದು ಡಾಕ್ಟರು ಕೇಳಿದರು.

ಮಾಳಮ್ಮ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದದ್ದು ಇದೆ ಎಂಬುದೂ ಅವಳಿಗೆ ತಿಳಿದಿರಲಿಲ್ಲ. ಸೋದರಮಾವನ ಮಗನ ಹೆಸರು ಹೇಳಿದಳು. ಅವನಿಗೆ ಇಪ್ಪತ್ಮೂರು ವರ್ಷ. ಮಾವನ ಮನೆ ಧರೂರಿನಲ್ಲಿ. ಕಾಲುವೆ ನೀರಿನ ಗದ್ದೆ, ಸ್ವಂತ ಟ್ರ್ಯಾಕ್ಟರು. ಮಾಳಮ್ಮನಿಗೆ ಹನ್ನೊಂದು ವರ್ಷವಾದಾಗಲೇ ಹಿರಿಯರು ಎಲೆ ಅಡಿಕೆ ಹಂಚಿ ಇವಳು ಅವನಿಗೇ ಎಂದು ಮಾತಾಡಿದ್ದರು. ಬೇಸಿಗೆ ರಜೆಯಲ್ಲಿ ಅವನು ಅಜ್ಜಿಯ ಮನೆಗೆ ಬಂದು ಹದಿನೈದು ದಿನ ಇದ್ದ.

“ಅವನೇ ನಿನ್ನ ಗಂಡ ಅಂತ ಸಣ್ಣಾಕಿದ್ದಾಗಿಂದ ಎಲ್ಲಾರೂ ಅಂತಿದ್ರು ಟೀಚರ್” ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. “ಬ್ಯಾಡ ಅನ್ನಾಕ ಬರತೈತಿ ಅಂತ ನನಗ ಗೊತ್ತಿರಲಿಲ್ಲ.”

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಕೇಸು ದಾಖಲಾಯಿತು. ನಾನೂ ಪೊಲೀಸರಿಗೆ ಹೇಳಿಕೆ ಕೊಟ್ಟೆ; ಅವರು ಅವನನ್ನು ಕರೆದೊಯ್ದರು. ಮೂರನೆಯ ದಿನ ಧರೂರಿನಿಂದ ಸೋದರಮಾವ ನಾಲ್ಕು ಜನ ಹಿರಿಯರೊಂದಿಗೆ ಬಂದ. ಪುಣೆಯಿಂದ ಮಾಳಮ್ಮನ ತಂದೆ ತಾಯಿಯೂ ಬಂದಿಳಿದಿದ್ದರು. ಹೇಳಿಕೆ ಕೊಟ್ಟವಳೆಂದು ನನ್ನನ್ನೂ ಕರೆಸಿದರು. ನಿಂಗಮ್ಮಜ್ಜಿಯ ಅಂಗಳದಲ್ಲಿ ಕಂಬಳಿ ಹಾಸಿ ಎಲ್ಲರೂ ಕೂತರು. ಮಾವನ ಮಾತು ಸರಳವಾಗಿತ್ತು: ಈ ವಾರವೇ ತಾಳಿ ಕಟ್ಟಿಸಿಬಿಡೋಣ, ಹುಡುಗಿಗೆ ಹತ್ತೊಂಬತ್ತು ಎಂದು ಎಲ್ಲರೂ ಹೇಳೋಣ, ಟೀಚರ್ ತಮ್ಮ ಹೇಳಿಕೆ ಬದಲಿಸಲಿ.

“ನೀವು ಸಾಲಿ ಕಲಿಸಾಕ ಬಂದೋರು, ಮನಿ ಮುರಿಯಾಕ ಅಲ್ರಿ” ಎಂದ ನನ್ನ ಕಡೆ ತಿರುಗಿ. ಮಾಳಮ್ಮನ ತಂದೆ ತಲೆ ತಗ್ಗಿಸಿಕೊಂಡಿದ್ದ. ಅವನೂ ಅದಕ್ಕೆ ಒಪ್ಪಿದ ಹಾಗೆಯೇ ಕಾಣುತ್ತಿತ್ತು. ನಾನು ಕಾನೂನಿನ ನಾಲ್ಕು ಮಾತು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ನಿಂಗಮ್ಮಜ್ಜಿ ಬಾಗಿಲ ಪಕ್ಕದಿಂದ ಎದ್ದು ಬಂದು ಕಂಬಳಿಯ ತುದಿಯಲ್ಲಿ ನಿಂತಳು. ಎದುರಿಗೆ ಕೂತಿದ್ದವನು ಅವಳು ಹೆತ್ತ ಮಗ. ಪೊಲೀಸರು ಕರೆದೊಯ್ದಿದ್ದವನು ಅವಳ ಮೊಮ್ಮಗ.

“ಇಬ್ಬರೂ ನನ್ನ ಮೊಮ್ಮಕ್ಕಳ” ಎಂದಳು. “ಅದಕ್ಕ ನಾನೇ ಮಾತಾಡ್ತೀನಿ, ಕೇಳ್ರಿ. ಹುಟ್ಟಿದಾಗಿಂದ ಕುರಿ ಕಾದೀನಿ. ಮೈ ತುಂಬದ ಮರೀನ ಟಗರಿರೋ ಹಿಂಡಿನ್ಯಾಗ ಬಿಡಂಗಿಲ್ಲ ನಾವು, ಬ್ಯಾರೆ ಕಟ್ತೀವಿ. ಹೆರಾಕ ಹೋಗಿ ಸತ್ತೀತು ಅಂತ. ಕುರಿಗೆ ಇರೋ ಕಾಳಜಿ ಈ ಕೂಸಿಗೆ ನಾ ಮಾಡಲಿಲ್ಲ. ಆಗೋ ಅಳಿಯ ಅಂತ ಬಾಗಿಲ ತೆಗೆದಾಕಿ ನಾನು. ಇನ್ನ ತಾಳಿ ಕಟ್ಟಿ ಆ ತಪ್ಪ ಮುಚ್ಚಂಗಿಲ್ಲ. ಟೀಚರ್ ಹೇಳಿದ್ದು ಖರೇ ಐತಿ. ಅದನ್ನ ಯಾರೂ ಬದಲಿಸಂಗಿಲ್ಲ.”

ಮಗ ಎದ್ದು ನಿಂತ. “ಅವ್ವಾ, ನನ್ನ ಮಗ ಜೈಲಿಗೆ ಹೋಗ್ತಾನ.”

“ಹೋಗಲಿ. ರೊಟ್ಟಿ ಬುತ್ತಿ ನಾ ಒಯ್ತೀನಿ.”

ಸಭೆ ಅಲ್ಲಿಗೆ ಮುಗಿಯಿತು. ಎರಡು ಡಿಗ್ರಿ ಓದಿದ ನನ್ನಿಂದಾಗದ್ದನ್ನು ಅಕ್ಷರ ಬಾರದ ಆ ಮುದುಕಿ ಮಾಡಿದ್ದಳು. ಅಜ್ಜಿ ಮಾತು ತಪ್ಪಲಿಲ್ಲ. ಮುಂದೆ ಕೇಸು ನಡೆದಷ್ಟು ಕಾಲವೂ ತಿಂಗಳಿಗೊಮ್ಮೆ ಮೊಮ್ಮಗನನ್ನು ಕಾಣಲು ಹೋಗುತ್ತಿದ್ದಳು. ಆದರೆ ಮಾಳಮ್ಮನ ಹೇಳಿಕೆಯ ಒಂದು ಪದ ಬದಲಾಗಲೂ ಬಿಡಲಿಲ್ಲ.

ಮಕ್ಕಳ ಕಲ್ಯಾಣ ಸಮಿತಿ ಮಾಳಮ್ಮನನ್ನು ವಿಚಾರಿಸಿ, ತಾಯಿ ಪುಣೆಗೆ ಮರಳದೆ ಜೊತೆಗಿರಬೇಕೆಂಬ ಷರತ್ತಿನ ಮೇಲೆ ಮನೆಗೆ ಕಳಿಸಿತು. ಶಾಲೆಯಿಂದ ಒಂದು ವರದಿಯನ್ನೂ ಕೇಳಿತು. ಅದರಲ್ಲಿ ‘ಕಾರಣ’ ಎಂಬ ಕಾಲಮಿಗೆ ಒಂದೇ ಸಾಲಿನ ಜಾಗ. ಮುಖ್ಯೋಪಾಧ್ಯಾಯರು ‘ಮೊಬೈಲ್ ಫೋನ್ ಮತ್ತು ಪಾಲಕರ ನಿರ್ಲಕ್ಷ್ಯ’ ಎಂದು ಬರೆದು ಸಹಿಗೆ ನನ್ನ ಕಡೆ ಸರಿಸಿದರು. ಕೆಟ್ಟವರಲ್ಲ, ಎಲ್ಲರೂ ಹಾಗೆ ಬರೆಯುತ್ತಿದ್ದರು. ಆದರೆ ಆ ಮನೆಯಲ್ಲಿ ಇದ್ದದ್ದು ಗುಂಡಿ ಒತ್ತುವ ಒಂದು ಹಳೆಯ ಫೋನು. ಅದನ್ನೂ ಅಜ್ಜಿ ಸೊಂಟದ ಚೀಲದಲ್ಲಿ ಇಟ್ಟುಕೊಂಡು ಕುರಿ ಕಾಯಲು ಹೋಗುತ್ತಿದ್ದಳು.

ಸಹಿ ಮಾಡದೆ ಕಾಗದ ಮನೆಗೆ ತಂದೆ. ಎರಡು ವಾರ ಮಾಳಮ್ಮನ ಹತ್ತಿರ, ಅವಳ ತಾಯಿಯ ಹತ್ತಿರ, ಅವಳ ಗೆಳತಿಯರ ಹತ್ತಿರ ಮಾತಾಡಿದೆ. ಕಂಡ ಕಾರಣಗಳನ್ನು ಒಂದೊಂದಾಗಿ ಬರೆಯತೊಡಗಿದೆ. ವರ್ಷದಲ್ಲಿ ಎಂಟು ತಿಂಗಳು ತಂದೆ ತಾಯಿ ಇಲ್ಲದ ಮನೆ. ಹನ್ನೊಂದರಲ್ಲೇ ಮುಗಿದುಹೋದ ಮದುವೆಯ ಮಾತು. ಗೊತ್ತಾದ ಗಂಡಿನ ಎದುರು ಹುಡುಗಿಗೆ ದನಿಯೇ ಇಲ್ಲದಿರುವುದು. ಶೌಚಾಲಯದಲ್ಲಿ ನೀರಿಲ್ಲವೆಂದು ತಿಂಗಳಿಗೆ ಐದು ದಿನ ಶಾಲೆ ತಪ್ಪಿಸುವ ಹುಡುಗಿಯರು, ತಮ್ಮ ಮೈಯ ವಿಷಯ ಯಾರಲ್ಲೂ ಕೇಳಲಾಗದ ಅವರ ನಾಚಿಕೆ. ಬರೆಯುತ್ತ ಹೋದ ಹಾಗೆ ನನ್ನ ಪೆನ್ನು ಒಂದು ಕಡೆ ನಿಂತಿತು.

ಎಂಟನೆಯ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಬಗ್ಗೆ ಒಂದು ಪಾಠವಿದೆ. ಮೈಯಲ್ಲಾಗುವ ಬದಲಾವಣೆ, ಮುಟ್ಟು, ಗರ್ಭ ಹೇಗೆ ನಿಲ್ಲುತ್ತದೆ, ಹದಿನೆಂಟಕ್ಕೆ ಮೊದಲು ಮದುವೆ ಏಕೆ ಬೇಡ, ಎಲ್ಲವೂ ಅದರಲ್ಲಿದೆ. ಮಾಳಮ್ಮನ ಎಂಟನೆಯ ತರಗತಿಗೂ ನಾನೇ ವಿಜ್ಞಾನದ ಟೀಚರ್. ಆ ಪಾಠ ಬಂದಾಗ ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕಿದ್ದರು. ನಾನು ಪುಸ್ತಕ ಮಡಚಿ, “ಇದು ಸುಲಭದ್ದು, ಮನೆಯಲ್ಲಿ ಓದಿಕೊಳ್ಳಿ” ಎಂದು ಮುಂದಿನ ಪಾಠಕ್ಕೆ ಹೋಗಿದ್ದೆ. ಆ ವರ್ಷ ಮಾತ್ರವಲ್ಲ, ಇಪ್ಪತ್ತೊಂದು ವರ್ಷವೂ ಹಾಗೆಯೇ ಮಾಡಿದ್ದೆ. ಮಾಳಮ್ಮ ಓದಿಕೊಂಡಿದ್ದಳು ಕೂಡ. ಪರೀಕ್ಷೆಯ ಉತ್ತರವನ್ನು ಓದುವ ಹಾಗೆ, ತನ್ನ ಬಗ್ಗೆ ಎಂದು ತಿಳಿಯದೆ.

ವರದಿಯ ಕೊನೆಗೆ ಅದನ್ನೂ ಬರೆದೆ. ಬರೆದವರು ಯಾರು ಎಂಬಲ್ಲಿ ನನ್ನ ಹೆಸರು ಹಾಕಿದೆ. ಸಮಿತಿಯ ಅಧಿಕಾರಿ ಓದಿ, ಕನ್ನಡಕ ತೆಗೆದು, “ಟೀಚರ್ ಗಾರು, ಇದಿ ಮೀರೇ ರಾಶಾರಾ?” ಎಂದರು. ನೀವೇ ಬರೆದಿರಾ ಎಂದು. ಹೌದೆಂದೆ. ಅವರು ಅದನ್ನು ಫೈಲಿಗೆ ಸೇರಿಸಿದರು.

ಮಾಳಮ್ಮ ತರಗತಿಗೆ ಬರುವುದು ನಿಂತಿತ್ತು. ಹಾಜರಿ ಸಾಕಷ್ಟಿದ್ದದ್ದರಿಂದ ಪರೀಕ್ಷೆಗೆ ಕೂರಬಹುದಿತ್ತು. ಡಿಸೆಂಬರ್‌ನಿಂದ ಪ್ರತಿ ಭಾನುವಾರ ಅವಳ ಮನೆಗೆ ಹೋಗತೊಡಗಿದೆ. ಗಣಿತದ ಮೇಷ್ಟ್ರು ಪ್ರಶ್ನೆಗಳನ್ನು ಬರೆದು ನನ್ನ ಕೈಯಲ್ಲಿ ಕಳಿಸುತ್ತಿದ್ದರು. ಮೊದಲ ಭಾನುವಾರ ನಾನು ತೆರೆದದ್ದು ಹತ್ತನೆಯ ತರಗತಿಯ ಸಂತಾನೋತ್ಪತ್ತಿಯ ಅಧ್ಯಾಯ. ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ಒಂದೊಂದೇ ಹೇಳಿದೆ. ಅವಳ ತಾಯಿ, ತಂಗಿ, ಅಜ್ಜಿ ಮೂವರೂ ಕೂತು ಕೇಳಿದರು.

ಮಾಳಮ್ಮ ಚಿತ್ರದ ಗೆರೆಯ ಮೇಲೆ ಬೆರಳಾಡಿಸಿದಳು. “ಕುರಿ ಈಯೋದು ಎಷ್ಟ ಸಲ ನೋಡೀನ್ರಿ. ಮರಿ ಅಡ್ಡ ಬಂದಾಗ ಅಜ್ಜಿ ಜೋಡಿ ನಾನೂ ಎಳದೀನಿ. ಮನುಷ್ಯಾರದು ಬ್ಯಾರೆ ಇರತೈತಿ ಅಂದ್ಕೊಂಡಿದ್ದೆ.” ಮತ್ತೆ ಹೇಳಿದಳು, “ಟೀಚರ್, ಇದನ್ನ ಎಂಟನೇ ಕ್ಲಾಸಿನ್ಯಾಗ ಹೇಳಿಬಿಡ್ರಿ. ಗಂಡು ಹುಡುಗರಿಗೂ ಹೇಳ್ರಿ. ಅವರು ನಕ್ರ ನಗಲಿ.”

ಬೈಯುವ ದನಿ ಅಲ್ಲ. ಕೆಲಸ ಒಪ್ಪಿಸುವ ದನಿ. ಮರುದಿನವೇ ಎಂಟನೆಯ ತರಗತಿಗೆ ಹೋಗಿ ಬಾಗಿಲು ಹಾಕಿಕೊಂಡು ಪಾಠ ಮಾಡಿದೆ. ಹುಡುಗರು ನಕ್ಕರು. ಹತ್ತು ನಿಮಿಷದಲ್ಲಿ ನಗು ನಿಂತು ಪ್ರಶ್ನೆಗಳು ಶುರುವಾದವು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಆ ಸಡಗರದ ದಿನಗಳಲ್ಲೇ ಒಂದು ಬೆಳಿಗ್ಗೆ ಎರಡನೆಯ ಪಿರಿಯಡ್ಡಿನಲ್ಲಿ ಮಾಳಮ್ಮನ ತಾಯಿಯ ಫೋನು ಬಂತು. ತಲೆ ಒಡೆಯುತ್ತಿದೆ, ಕಣ್ಣು ಮಂಜಾಗಿದೆ ಎನ್ನುತ್ತಿದ್ದಾಳೆ. ನಾನು ಸುವರ್ಣಾ ಸಿಸ್ಟರ್‌ಗೆ ತಿಳಿಸಿದೆ. ಅವರು ಹೋಗಿ ಬಿಪಿ ನೋಡಿದರೆ ನೂರ ಎಪ್ಪತ್ತು, ನೂರ ಹತ್ತು. ಎಳೆ ವಯಸ್ಸಿನ ಬಸುರಿಯಲ್ಲಿ ರಕ್ತದ ಒತ್ತಡ ಹೀಗೆ ಏರಿದರೆ ಯಾವ ಗಳಿಗೆಯಲ್ಲಾದರೂ ಫಿಟ್ಸ್ ಬರಬಹುದು. ತಾಯಿ ಮಗು ಇಬ್ಬರೂ ಹೋಗಬಹುದು. ಸಿಸ್ಟರ್ ಫಿಟ್ಸ್ ತಡೆಯುವ ಮ್ಯಾಗ್ನೀಷಿಯಂ ಇಂಜೆಕ್ಷನ್ ಕೊಡಿಸಿ ಆಂಬುಲೆನ್ಸಿನಲ್ಲಿ ಮಹಬೂಬ್‌ನಗರಕ್ಕೆ ಜೊತೆಗೇ ಹೋದರು. ನಾನು ರಜೆ ಬರೆದಿಟ್ಟು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇಪ್ಪತ್ತೊಂದು ವರ್ಷಗಳಲ್ಲಿ ಹೀಗೆ ಎಷ್ಟು ಹುಡುಗಿಯರು ಶಾಲೆ ಬಿಟ್ಟುಹೋಗಿದ್ದರು. ಮದುವೆಯಾಯಿತಂತೆ ಎಂದು ಕೇಳಿ ರಿಜಿಸ್ಟರಿನಲ್ಲಿ ಅವರ ಹೆಸರಿಗೆ ಕೆಂಪು ಗೆರೆ ಎಳೆದವಳು ನಾನು. ಅವರಲ್ಲಿ ಎಷ್ಟು ಜನ ಇಂಥ ಗಾಡಿಯಲ್ಲಿ ಹೋಗಿದ್ದರೋ, ಎಷ್ಟು ಜನ ಗಾಡಿಯೂ ಸಿಗದೆ ಹೋಗಿದ್ದರೋ.

ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಆಪರೇಷನ್ ಮುಗಿದಿತ್ತು. ಹೆಣ್ಣು ಮಗು, ಒಂದು ಕಿಲೋ ಒಂಬೈನೂರು ಗ್ರಾಂ. ಮಾಳಮ್ಮನಿಗೆ ಎರಡು ಬಾಟಲಿ ರಕ್ತ ಏರಿಸಿದ್ದರು. ಡಾಕ್ಟರು, “ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ” ಎಂದರು.

ಮರುದಿನ ನನ್ನನ್ನು ಒಳಗೆ ಬಿಟ್ಟರು. ಮಗುವನ್ನು ಅವಳ ಎದೆಗೆ ಒರಗಿಸಿ ಬಟ್ಟೆ ಸುತ್ತಿದ್ದರು. ತೂಕ ಕಡಿಮೆಯಿರುವ ಕೂಸಿಗೆ ತಾಯಿಯ ಮೈ ಬಿಸಿಯೇ ಔಷಧ. ಈ ತಾಯಿಯ ಜಡೆ ಇನ್ನೂ ಶಾಲೆಗೆ ಹೆಣೆದ ಹಾಗೆಯೇ ಇತ್ತು. ಸೂಜಿ ಚುಚ್ಚಿದ ಸಣ್ಣ ಕೈಯಿಂದ ಮಗುವಿನ ಬೆರಳು ಬಿಡಿಸಿ ನನಗೆ ತೋರಿಸಿದಳು.

“ಉಗುರೂ ಬಂದಾವ್ರಿ ಟೀಚರ್. ನೀವು ಹೇಳಿದ್ರಲ್ಲ, ಒಂದ ಕಣದಿಂದ ಆಗತೈತಿ ಅಂತ. ಒಂದ ಕಣ ಇದನ್ನೆಲ್ಲಾ ಎಲ್ಲಿ ಕಲೀತ್ರಿ?”

ಗರ್ಭಕೋಶದ ಚಿತ್ರವನ್ನು ಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲವಳು ನಾನು. ಆ ಪ್ರಶ್ನೆಯನ್ನು ಎಂದೂ ಕೇಳಿಕೊಂಡಿರಲಿಲ್ಲ. ಅವಳು ಪಟ್ಟ ನೋವು, ಅವಳಿಗಾದ ಅನ್ಯಾಯ, ಯಾವುದನ್ನೂ ಆ ಗಳಿಗೆ ಅಳಿಸಿಹಾಕಲಿಲ್ಲ. ಆದರೂ ಅಷ್ಟೆಲ್ಲದರ ನಡುವೆ ಆ ಮಗುವಿನ ಬೆರಳನ್ನು ನೋಡಿ ಬೆರಗಾಗುವಷ್ಟು ಜಾಗ ಆ ಹುಡುಗಿಯೊಳಗೆ ಉಳಿದಿತ್ತು. ನಾನೂ ಬಗ್ಗಿ ಆ ಉಗುರುಗಳನ್ನು ನೋಡಿದೆ.

ಮಾರ್ಚ್‌ನಲ್ಲಿ ಹನ್ನೊಂದು ಪತ್ರಿಕೆಗಳನ್ನೂ ಬರೆದಳು. ಪರೀಕ್ಷಾ ಕೇಂದ್ರದ ಎದುರಿನ ಮನೆಯವರು ತಮ್ಮ ಪಡಸಾಲೆಯಲ್ಲಿ ಅಜ್ಜಿಗೂ ಮಗುವಿಗೂ ಜಾಗ ಕೊಟ್ಟಿದ್ದರು. ಒಳಗೆ ಹೋಗುವ ಮೊದಲು ಹಾಲೂಡಿಸುತ್ತಿದ್ದಳು, ಹೊರಗೆ ಬಂದ ತಕ್ಷಣ ಓಡಿಹೋಗಿ ಮತ್ತೆ ಊಡಿಸುತ್ತಿದ್ದಳು. ಹೊಲಿಗೆಯ ನೋವಿಗೆ ಒಂದು ಪಕ್ಕಕ್ಕೆ ವಾಲಿಕೊಂಡೇ ಬರೆದಳಂತೆ. ಮೇ ತಿಂಗಳಲ್ಲಿ ಫಲಿತಾಂಶ ಬಂತು. ಎಲ್ಲ ವಿಷಯಗಳಲ್ಲೂ ಪಾಸು.

ಫಲಿತಾಂಶಕ್ಕೂ ಮೊದಲೇ ಮಗುವಿನ ವಿಷಯ ತೀರ್ಮಾನವಾಗಬೇಕಿತ್ತು. ಸಾಕಲು ಆಗದಿದ್ದರೆ ದತ್ತು ಕೊಡುವ ದಾರಿ ಇದೆ, ಯಾರ ಒತ್ತಾಯವೂ ಇಲ್ಲದೆ ನಿರ್ಧರಿಸಬಹುದು ಎಂದು ಸಮಿತಿಯ ಅಧಿಕಾರಿ ತಿಳಿಸಿದ್ದರು. ಏಪ್ರಿಲ್‌ನಲ್ಲಿ ಅವರು ಮನೆಗೆ ಬಂದಾಗ ನಾನೂ ಇದ್ದೆ. ಮನೆಯವರು ಒಂದು ತೀರ್ಮಾನಕ್ಕೆ ಬಂದಿದ್ದರು. ತಾಯಿ ಹೇಳಿದಳು: “ಕೂಸನ್ನ ನಾ ಸಾಕ್ತೀನ್ರಿ. ನನ್ನ ಮಗಳಂತಲೇ ಬರಸ್ತೀನಿ. ಮಾಳಮ್ಮಗ ಇನ್ನೊಬ್ಬ ತಂಗಿ ಆದ್ಲು ಅಂತ ಅಂದ್ರ ಮುಗೀತು. ಆಕಿ ಓದಲಿ, ಮುಂದ ಆಕಿ ಬಾಳೇವೂ ಆಗಬೇಕಲ್ರಿ.”

ನನಗೂ ಅದೇ ಸರಿ ಎನಿಸಿತು. ಎಲ್ಲರಿಗೂ ಅನುಕೂಲ, ಹುಡುಗಿಗೂ ದಾರಿ ಸುಗಮ. ನಾನು ತಲೆಯಾಡಿಸಿದೆ ಕೂಡ.

ಮಾಳಮ್ಮ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. “ಅವ್ವ ಸಾಕಲಿ, ನಾನು ಓದ್ತೀನಿ” ಎಂದಳು. “ಆದ್ರ ನನ್ನ ತಂಗಿ ಅಂತ ಹೇಳಬ್ಯಾಡ್ರಿ. ಇದು ನನ್ನ ಮಗಳು. ತಿಳುವಳಿಕಿ ಬಂದ ಮ್ಯಾಲ ನಾನೇ ಕೂಡಿಸಿಕೊಂಡು ಎಲ್ಲಾ ಹೇಳ್ತೀನಿ.”

“ಊರು ಏನಂತೈತಿ?” ಎಂದಳು ತಾಯಿ.

“ಊರು ಅಂತೈತಿ, ನನಗ ಗೊತ್ತೈತಿ. ನನಗ ಯಾರೂ ಏನೂ ಹೇಳಲಿಲ್ಲವ್ವ. ನಾಚಿಕಿ ಅಂತ ನೀ ಹೇಳಲಿಲ್ಲ, ಅಜ್ಜಿ ಹೇಳಲಿಲ್ಲ, ಟೀಚರೂ ಹೇಳಲಿಲ್ಲ. ಇದಕ್ಕ ಹಂಗ ಮಾಡಬ್ಯಾಡ್ರಿ.”

ನಾನು ತೆಲುಗಿಗೆ ಅನುವಾದಿಸಲು ಹೊರಟಾಗ ಅಧಿಕಾರಿ ಬೇಡವೆಂದು ಕೈಯಾಡಿಸಿದರು. ಅವರಿಗೆ ಅರ್ಥವಾಗಿತ್ತು. ತಾಯಿಯ ಹೆಸರಿನ ಜಾಗದಲ್ಲಿ ಮಾಳಮ್ಮನ ಹೆಸರನ್ನೇ ಬರೆದುಕೊಂಡರು.

ಆ ಜೂನ್‌ನಲ್ಲಿ ಅವಳು ಗದ್ವಾಲದ ಒಂದು ವಸತಿ ಕಾಲೇಜಿನಲ್ಲಿ ಪಿಯುಸಿಗೆ ಸಮನಾದ ಇಂಟರ್‌ಗೆ ಸೇರಿದಳು. ನಾನು ನಿವೃತ್ತಳಾಗುವ ಹೊತ್ತಿಗೆ ಲ್ಯಾಬ್ ಟೆಕ್ನೀಷಿಯನ್ ತರಬೇತಿಗೆ ಹೋಗುತ್ತಿದ್ದಳು. ಸುಲಭದ ಬದುಕೇನಲ್ಲ. ಆಡುವವರು ಆಡಿಕೊಂಡರು. ಮಾವನ ಮನೆಯ ಬಾಗಿಲು ಇಂದಿಗೂ ಮುಚ್ಚಿದೆ. ಆದರೆ ಅವಳು ರಜೆಗೆ ಬಂದಾಗ ಅಂಗಳದಲ್ಲಿ ಆ ಮಗು ಅವಳನ್ನು ‘ಅವ್ವಾ’ ಎಂದು ಕೂಗುವುದನ್ನು ನಾನೇ ಕೇಳಿದ್ದೇನೆ. ಊರಿನ ಎದುರಿಗೆ, ದೊಡ್ಡ ದನಿಯಲ್ಲಿ ಕೂಗುತ್ತದೆ.

ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಮಕ್ಕಳಿಗೆ ಕಷ್ಟದ ವಿಷಯ ಹೇಳಿದರೆ ಅವರು ಕೆಡುತ್ತಾರೆ ಎಂದು ದೊಡ್ಡವರು ಅಂಜುತ್ತೇವೆ. ಅಂಜಿಕೆ ನಮ್ಮದು, ಅದರ ಭಾರ ಹೊರುವವರು ಅವರು. ಸತ್ಯವನ್ನು ಹೊರುವ ಶಕ್ತಿ ಮಕ್ಕಳಿಗೆ ನಮಗಿಂತ ಹೆಚ್ಚೇ ಇರುತ್ತದೆ. ಅದನ್ನು ನನ್ನ ಕಣ್ಣಾರೆ ಕಂಡಿದ್ದೇನೆ, ಹದಿನೈದು ವರ್ಷದ ಒಬ್ಬ ಹುಡುಗಿಯಲ್ಲಿ.